ತೂಕಕ್ಕೆ ಬರದ ಮಗು ಯಾವ ವೆಬ್‌ಸೈಟಿನಲ್ಲೂ ಇರಲ್ಲ

ಮಕ್ಕಳು, ಕುಟುಂಬಗಳ ಸ್ಥಿತಿಗತಿಯ ಹಳ್ಳಿವಾರು ಅಂಕಿಅಂಶ ಯಾವ ವೆಬ್‌ಸೈಟಿನಲ್ಲಿ ಸಿಗುತ್ತೆ, ಅದನ್ನಿಟ್ಟುಕೊಂಡು ಹಳ್ಳಿಗಳಿಗೆ ರ‍್ಯಾಂಕ್ ಕೊಟ್ಟು ಪಂಚಾಯಿತಿ ಅನುದಾನ ಹಂಚಬಹುದಾ ಅಂತ ಕೇಳಿದ್ದೀರಿ. 2021ರಲ್ಲಿ ನಾನು ಮಾಡಿದ್ದು ಇದನ್ನೇ. ಆ ರ‍್ಯಾಂಕ್ ಪಟ್ಟಿ ಇವತ್ತಿಗೂ ನನ್ನ ಬೀರುವಿನಲ್ಲಿದೆ. ಅದರಲ್ಲಿ ಮೊದಲನೇ ಸ್ಥಾನ ಬಂದ ಊರಿನಲ್ಲೇ ನಮಗೆ ಆ ಮಗು ಸಿಕ್ಕಿದ್ದು.

ನಮ್ಮದು ಬಾಗೇಪಲ್ಲಿ ತಾಲ್ಲೂಕು. 2020ರ ಡಿಸೆಂಬರ್ ಚುನಾವಣೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯಾದೆ. ಬಿಕಾಂ ಓದಿದ್ದೆ, ಎಕ್ಸೆಲ್ ಬರುತ್ತಿತ್ತು. ಹಾಗಾಗಿ ಮರುವರ್ಷ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಬರೆಯುವಾಗ ಮಕ್ಕಳ ಭಾಗವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನನಗೇ ವಹಿಸಿದರು. ತುಂಬಾ ಖುಷಿಯಾಗಿತ್ತು. ಎಲ್ಲರೂ ಸಿಸಿ ರಸ್ತೆ, ಚರಂಡಿ ಅನ್ನುವಾಗ ನಾನು ಅಂಕಿಅಂಶ ಮುಂದಿಟ್ಟು ಮಕ್ಕಳಿಗೆ ದುಡ್ಡು ಕೇಳುತ್ತೇನೆ ಅಂದುಕೊಂಡೆ.

ಮೊದಲು ಕೈಗೆ ಸಿಕ್ಕಿದ್ದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಐದನೇ ಸುತ್ತಿನದು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ನೂರಕ್ಕೆ 35.4, ತಕ್ಕ ತೂಕ ಇಲ್ಲದವರು 32.9. ನಮ್ಮ ಪಂಚಾಯಿತಿಯ ಮಕ್ಕಳ ಸಂಖ್ಯೆಗೆ ಇದನ್ನೇ ಗುಣಿಸಿ ಒಂದು ಸಂಖ್ಯೆ ತೆಗೆದೆ. ಆ ಸಮೀಕ್ಷೆ ನಮ್ಮ ರಾಜ್ಯದಲ್ಲಿ ನಡೆದದ್ದು 2019ರಲ್ಲಿ, ಕೋವಿಡ್‌ಗೆ ಮುಂಚೆ. ಒಂದು ಇಡೀ ಜಿಲ್ಲೆಗೆ ಅವರು ಹೋಗುವುದು ಒಂಬೈನೂರು ಮನೆಗಳ ಆಸುಪಾಸು. ನಮ್ಮ ಪಂಚಾಯಿತಿಯ ಒಂದು ಮನೆಯ ಬಾಗಿಲನ್ನಾದರೂ ತಟ್ಟಿದ್ದರೋ ಇಲ್ಲವೋ. ಗುಣಿಸಲು ಹಿಡಿದ ಮಕ್ಕಳ ಸಂಖ್ಯೆಯಾದರೂ ಸರಿಯಿತ್ತಾ ಅಂದರೆ ಅದು 2011ರ ಜನಗಣತಿಯದು. ಅವತ್ತು ಎಣಿಸಿದ ಕೂಸುಗಳಿಗೆ ಆಗಲೇ ಹತ್ತು ವರ್ಷ ದಾಟಿತ್ತು.

ಇದು ಹಳ್ಳಿಗೆ ಇಳಿಯುವ ಲೆಕ್ಕ ಅಲ್ಲ ಅಂತ ನನಗೇ ಅನಿಸಿ ಅಂಗನವಾಡಿಗಳ ಮಾಸಿಕ ವರದಿ ತರಿಸಿದೆ. ತಪ್ಪಿದ್ದು ಇಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ದಯವಿಟ್ಟು ಓದಿ.

ವರದಿಯಲ್ಲಿ ದಾಖಲಾದ ಮಕ್ಕಳು, ತೂಕ ಮಾಡಿದ ಮಕ್ಕಳು, ಕಡಿಮೆ ತೂಕದವರು, ಕೊನೆಗೆ ಷರಾ (ಟಿಪ್ಪಣಿ) ಅಂತ ಕಾಲಂ ಇದ್ದವು. ರಸ್ತೆ ಪಕ್ಕದ ದೊಡ್ಡ ಊರಿನಲ್ಲಿ 38 ಮಕ್ಕಳಲ್ಲಿ 36 ಮಕ್ಕಳ ತೂಕ ಆಗಿತ್ತು, 9 ಮಕ್ಕಳು ಕಡಿಮೆ. ಕೆರೆ ಕೋಡಿಯಾಚೆಯ ಸಣ್ಣ ಊರಿನಲ್ಲಿ 41 ಮಕ್ಕಳಲ್ಲಿ 19 ಮಕ್ಕಳ ತೂಕ ಆಗಿತ್ತು, ಒಂದೇ ಒಂದು ಮಗು ಕಡಿಮೆ. ಕಡಿಮೆ ತೂಕದವರನ್ನು ತೂಕ ಮಾಡಿದವರಿಂದ ಭಾಗಿಸಿದೆ. ದೊಡ್ಡ ಊರಿಗೆ ನೂರಕ್ಕೆ 25 ಬಂತು, ಕೋಡಿಯಾಚೆಗೆ 5. ಕೋಡಿಯಾಚೆ ಒಂದನೇ ರ‍್ಯಾಂಕ್, ದೊಡ್ಡ ಊರು ಕೊನೆ.

ಆ 22 ಮಕ್ಕಳು ಎಲ್ಲಿ ಹೋದರು ಅಂತ ನಾನು ಕೇಳಲಿಲ್ಲ. ಆ 22ರಲ್ಲಿ ಒಬ್ಬರಿಗೂ ತೂಕ ಕಡಿಮೆ ಇಲ್ಲದಿದ್ದರೆ ಆ ಊರಿನ ಲೆಕ್ಕ 41ಕ್ಕೆ 1, ಅಂದರೆ ನೂರಕ್ಕೆ ಎರಡು ಚಿಲ್ಲರೆ. ಅಷ್ಟೂ ಮಕ್ಕಳಿಗೆ ಕಡಿಮೆ ಇದ್ದರೆ 41ಕ್ಕೆ 23, ಅಂದರೆ ನೂರಕ್ಕೆ 56. ನಾನು ಬರೆಯಬೇಕಿದ್ದದ್ದು ‘ಎರಡರಿಂದ ಐವತ್ತಾರರ ಮಧ್ಯೆ ಎಷ್ಟು ಬೇಕಾದರೂ ಇರಬಹುದು, ಗೊತ್ತಿಲ್ಲ’ ಅಂತ. ನಾನು ಬರೆದದ್ದು ‘5’. ಜೊತೆಗೆ, ತೂಕಕ್ಕೆ ಬಾರದ ಮಕ್ಕಳು ಚೀಟಿ ಎತ್ತಿ ತಪ್ಪಿಸಿಕೊಂಡವರಲ್ಲ. ತಾಯಿ ಮನೆಯಲ್ಲಿದ್ದು, ಅಂಗನವಾಡಿ ಹತ್ತಿರ ಇದ್ದರೆ ಮಗು ತಕ್ಕಡಿಗೆ ಬರುತ್ತೆ. ತಾಯಿ ಬೆಳಿಗ್ಗೆ ಆರಕ್ಕೆ ದೇವನಹಳ್ಳಿ ಕಡೆಯ ಕಟ್ಟಡ ಕೆಲಸಕ್ಕೆ ಟೆಂಪೊ ಹತ್ತಿದರೆ, ಕೂಸು ಮೊಣಕಾಲು ನೋವಿನ ಅಜ್ಜಿಯ ಹತ್ತಿರ ಉಳಿದರೆ, ಅದು ಬರಲ್ಲ. ಯಾವ ಮಗುವಿಗೆ ಕಷ್ಟ ಜಾಸ್ತಿಯೋ ಅದೇ ಮಗು ಲೆಕ್ಕದಿಂದ ಹೊರಗೆ.

ಇನ್ನೂ ಒಂದು ಇದೆ. ಕೋಡಿಯಾಚೆಯ ಅಂಗನವಾಡಿ ಟೀಚರ್ ಮುಚ್ಚಿಟ್ಟಿರಲಿಲ್ಲ. ಷರಾ ಕಾಲಂನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದರು: ‘ಊರಲ್ಲಿಲ್ಲ’, ‘ಅಜ್ಜಿ ಕರೆತರುವುದಿಲ್ಲ’, ಅದರ ಕೆಳಗೆ ಸಾಲಾಗಿ ಅದೇ ಅದೇ ಅಂತ ಗುರುತು. ಎಕ್ಸೆಲ್‌ಗೆ ಏರಿಸುವಾಗ, ಅದು ಅಂಕಿ ಅಲ್ಲ, ಪುಟದಲ್ಲಿ ಹಿಡಿಸುವುದೂ ಇಲ್ಲ ಅಂತ ಆ ಕಾಲಂ ಅಳಿಸಿದವಳು ನಾನು.

ಗ್ರಾಮ ಸಭೆಯಲ್ಲಿ ಪಟ್ಟಿ ಓದಿದೆ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಅನಿರ್ಬಂಧಿತ 40ರಲ್ಲೇ ರಸ್ತೆಯಿಂದ ಬೀದಿದೀಪದವರೆಗೆ ಎಲ್ಲದಕ್ಕೂ ಜಗಳ. ಅದರಲ್ಲಿ ಮಕ್ಕಳ ಪಾಲಿಗೆ ಬಂದದ್ದನ್ನೆಲ್ಲ ಕೊನೇ ರ‍್ಯಾಂಕಿನ ದೊಡ್ಡ ಊರಿಗೆ ಕೊಡಿಸಿದೆ. ಸಭೆ ಮುಗಿದ ಮೇಲೆ ಆ ಊರಿನ ಟೀಚರ್ ನನ್ನ ಹತ್ತಿರ ಬಂದು, ‘ಅಕ್ಕಾ, ಎಲ್ಲಾ ಮಕ್ಕಳನ್ನೂ ಬಿಡದೆ ತೂಕ ಮಾಡಿದ್ದೇ ತಪ್ಪಾಯ್ತಾ? ಊರ ಮುಂದೆ ನಮ್ಮದೇ ಕೊನೆ ಅಂದ್ರಲ್ಲ’ ಅಂದರು. ದುಡ್ಡು ನಿಮಗೇ ಬಂತಲ್ಲ ಅಂತ ಸಮಾಧಾನ ಹೇಳಿ ಕಳಿಸಿದೆ. ಅವರು ಹೇಳಿದ್ದು ಏನು ಅಂತ ಅರ್ಥವಾಗಲು ನನಗೆ ಐದು ತಿಂಗಳು ಹಿಡಿಯಿತು.

2022ರ ಮಾರ್ಚ್‌ನಲ್ಲಿ ಆಶಾ ಕಾರ್ಯಕರ್ತೆ ಕೋಡಿಯಾಚೆಯಿಂದ ಫೋನ್ ಮಾಡಿದರು, ಬೇಗ ಬನ್ನಿ ಅಂತ. ಜಗಲಿ ಮೇಲೆ ಅಜ್ಜಿ, ಮಡಿಲಲ್ಲಿ ಎರಡು ವರ್ಷದ ಹೆಣ್ಣುಮಗು. ಒಂದು ಲೋಟದಲ್ಲಿ ಟೀ, ಅದರಲ್ಲಿ ಅದ್ದಿದ ಬನ್ನು. ಆಶಾ ಮಗುವಿನ ರಟ್ಟೆಗೆ ಮೂರು ಬಣ್ಣದ ಟೇಪ್ ಸುತ್ತಿದರು. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು, ತೀವ್ರ ಅಪೌಷ್ಟಿಕತೆ. ಟೇಪ್ 11.2ಕ್ಕೆ ನಿಂತಿತು. ಅಜ್ಜಿ ತೆಲುಗಿನಲ್ಲಿ, ಕೂಸು ಅಳೋದೇ ಇಲ್ಲಮ್ಮ, ತುಂಬಾ ಒಳ್ಳೇದು ಅಂದರು. ಅಳುವಷ್ಟು ಶಕ್ತಿ ಅದಕ್ಕೆ ಇರಲಿಲ್ಲ.

ಜಿಲ್ಲಾ ಕೇಂದ್ರದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದೆವು, ಹದಿನಾಲ್ಕು ದಿನ. ತಾಯಿ ಕೂಲಿ ಬಿಟ್ಟು ಕೂತರು. ಮಗು ಚೇತರಿಸಿಕೊಂಡಿತು. ಆಮೇಲೆ ಆ ಊರಿನ ಮನೆ ಮನೆಗೆ ಹೋಗಿ ಉಳಿದ ಮಕ್ಕಳನ್ನೂ ತೂಗಿಸಿದೆವು. ಬಂದ ಸಂಖ್ಯೆ ಇಲ್ಲಿ ಬರೆಯುವುದಿಲ್ಲ, ನೀವು ಅದನ್ನೂ ನಿಮ್ಮ ಊರಿಗೆ ಗುಣಿಸಿಬಿಡುತ್ತೀರಿ ಅನ್ನೋ ಭಯ. ಮೊದಲನೇ ರ‍್ಯಾಂಕ್ ಅಂತೂ ಅಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ರ‍್ಯಾಂಕ್ ಕೊಡಬೇಡಿ. ಒಂದು ಸಲ ಕೊಟ್ಟರೆ ಮುಂದಿನ ತಿಂಗಳಿನಿಂದಲೇ ವರದಿಗಳು ಚೆನ್ನಾಗಿ ಬರಲು ಶುರುವಾಗುತ್ತವೆ, ಮಕ್ಕಳು ಚೆನ್ನಾಗಿ ಆಗಿರಲ್ಲ. ಹಳ್ಳಿವಾರು ವೆಬ್‌ಸೈಟ್ ಹುಡುಕುವುದನ್ನೂ ಬಿಡಿ. ಅಂಗನವಾಡಿ ಮಕ್ಕಳ ಅಳತೆ ದಾಖಲಿಸುವ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಕಾಣುವ ಶೇಕಡಾವಾರು ಕೂಡ ಅಳತೆ ಮಾಡಿದ ಮಕ್ಕಳ ಮೇಲಿನದೇ. ಅಳತೆಗೆ ಸಿಗದವರನ್ನು ಹುಡುಕುವುದು ನಿಮ್ಮ ಕೆಲಸ. ನಾನೀಗ ಯಾವ ವರದಿ ಬಂದರೂ ಮೊದಲು ನೋಡುವುದು ದಾಖಲಾದವರಲ್ಲಿ ಎಷ್ಟು ಮಂದಿಯ ತೂಕ ಆಗಿಲ್ಲ ಅಂತ. ಎರಡನೆಯದು ಷರಾ.

ಸಾರ್ವಜನಿಕ ಅಂಕಿಅಂಶ ದಂಡ ಅಂತ ಹೇಳುತ್ತಿಲ್ಲ. ರಾಜ್ಯದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ನೂರಕ್ಕೆ 60.9 ಇದ್ದದ್ದು ಐದನೆಯದರಲ್ಲಿ 65.5 ಆಗಿದೆ. ಮೂವರಲ್ಲಿ ಇಬ್ಬರಿಗೆ ಇರುವುದಕ್ಕೆ ಯಾವ ಹಳ್ಳಿಯಲ್ಲಿ ಜಾಸ್ತಿ ಅಂತ ಹುಡುಕುವುದೇ ಬೇಕಿಲ್ಲ. ವಾರಕ್ಕೆರಡು ಸಲ ಕೊಡಬೇಕಾದ ಕಬ್ಬಿಣಾಂಶದ ಸಿರಪ್ ಪ್ರತಿ ಮನೆಗೂ ಮುಟ್ಟುತ್ತಿದೆಯಾ ನೋಡಿ, ಸಾಕು. ನೀರಿನ ಪರೀಕ್ಷೆಯ ವರದಿ ಮಾತ್ರ ನಿಜಕ್ಕೂ ಊರಿನದೇ, ಕೊಳವೆಬಾವಿಯದೇ ಇರುತ್ತೆ. ನಮ್ಮ ಕಡೆ, ನಿಮ್ಮ ಪಾವಗಡದ ಕಡೆ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬಾವಿ ಯಾವುದು ಅಂತ ಗೊತ್ತಾದರೆ ನೀರು, ನೈರ್ಮಲ್ಯಕ್ಕೆ ಮೀಸಲಾದ ದುಡ್ಡಿಗೆ ಒಂದು ದಾರಿ ಸಿಗುತ್ತೆ. ಬಾಲ್ಯವಿವಾಹದ ಅಂಕಿ ಹಿಡಿದುಕೊಂಡು ಮಾತ್ರ ಗ್ರಾಮ ಸಭೆಯಲ್ಲಿ ಮನೆ ಗುರುತಿಸಲು ಹೋಗಬೇಡಿ, ಹುಡುಗಿಗೇ ತೊಂದರೆ. ಏಳು ಮುಗಿಸಿ ಎಂಟಕ್ಕೆ ಸೇರದ ಹುಡುಗಿಯರು ಯಾರು ಅಂತ ಹೆಡ್‌ಮಾಸ್ಟರ್ ಹತ್ತಿರ ಸದ್ದಿಲ್ಲದೆ ಕೇಳಿ.

2023ರಲ್ಲಿ ಸರ್ಕಾರ, ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೂಸಿನ ಮನೆ ಯೋಜನೆ ತಂದಾಗ ಪಂಚಾಯಿತಿ ಕಚೇರಿ ಪಕ್ಕದಲ್ಲೇ ಮಾಡೋಣ, ಅಧಿಕಾರಿಗಳು ಬಂದಾಗ ತೋರಿಸಲು ಸುಲಭ ಅಂದರು. ನಾನು ಹಟ ಹಿಡಿದು ಕೋಡಿಯಾಚೆಯ ಶಾಲೆಯ ಖಾಲಿ ಕೊಠಡಿಗೆ ಹಾಕಿಸಿದೆ. ಏಳೆಂಟು ತಾಯಂದಿರು ಟೆಂಪೊ ಬಿಟ್ಟು ಊರಲ್ಲೇ ನರೇಗಾ ಕೆಲಸಕ್ಕೆ ಬಂದರು. ಉಳಿದವರಿಗೆ ಮೇಸ್ತ್ರಿ ಕೊಡುವ ಕೂಲಿ ಜಾಸ್ತಿ, ಅವರು ಈಗಲೂ ಆರಕ್ಕೇ ಹೊರಡುತ್ತಾರೆ. ಆ ಸಮಯಕ್ಕೆ ಕೂಸಿನ ಮನೆ ತೆರೆದಿರಲ್ಲ. ಅದಕ್ಕೆ ನನ್ನ ಹತ್ತಿರ ಇನ್ನೂ ದಾರಿ ಸಿಕ್ಕಿಲ್ಲ.

ಯೋಜನೆ ಬರೆಯುವ ಮುಂಚೆ ಅಂಗನವಾಡಿ ಟೀಚರ್ ಮತ್ತು ಆಶಾ ಇಬ್ಬರನ್ನೂ ಕರೆದುಕೊಂಡು, ತಕ್ಕಡಿ, ಟೇಪ್ ಹಿಡಿದು ನಿಮ್ಮ ಅತಿ ದೂರದ ಊರಿಗೆ ಹೋಗಿ. ಭಾನುವಾರ ಹೋಗಿ. ಅವತ್ತು ಟೆಂಪೊ ಹೊರಡಲ್ಲ, ತಾಯಂದಿರು ಮನೆಯಲ್ಲಿರುತ್ತಾರೆ.