ಮೈಮೇಲೆ ಗಾಯ ಇಲ್ಲದಿದ್ದರೂ ಪರಿಹಾರ ಕೇಳಬಹುದಾ?

ಪಕ್ಕದ ಶೆಡ್‌ನಲ್ಲಿ ಬಾಯ್ಲರ್ ಸಿಡಿದು ಎರಡು ತಿಂಗಳಾಯಿತು, ಮೈಗೇನೂ ಆಗಿಲ್ಲ, ಆದರೆ ನಿದ್ದೆ ಹತ್ತುತ್ತಿಲ್ಲ, ಗೇಟಿನ ಹತ್ತಿರ ಹೋದರೆ ಕೈಕಾಲು ನಡುಗುತ್ತದೆ ಅಂತ ಬರೆದಿದ್ದೀರಿ. ಕಂಪನಿಯವರು ‘ನಿಮಗೇನೂ ಆಗಿಲ್ವಲ್ಲ’ ಅಂದರಂತೆ. ಈ ಮಾತು ನಾನೂ ಕೇಳಿದ್ದೇನೆ. 2019ರಲ್ಲಿ ನಾನಿದ್ದ, ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಘಟಕದಲ್ಲಿ ಸ್ಟೀಮ್ ಪೈಪ್ ಒಡೆಯಿತು. ಆಮೇಲೆ ಎಷ್ಟೋ ತಿಂಗಳು ಮನೆಯಲ್ಲಿ ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತಿದ್ದೆ. ನಾನು ವಕೀಲನಲ್ಲ. ಓಡಾಡಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಸಂಬಳದ ಚೀಟಿ ನೋಡಿ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಗೆ ದುಡ್ಡು ಕಟ್ ಆಗುತ್ತಿದೆಯಾ? ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಅದರಲ್ಲಿ ಬರುತ್ತಾರೆ. ಹಾಗಿದ್ದರೆ ನಿಮ್ಮ ದಾರಿ ಅದೇ, ಮಾಲೀಕರಿಂದ ಬೇರೆ ಪರಿಹಾರ ಕೇಳಲು ಆಗುವುದಿಲ್ಲ. ಅಲ್ಲಿ ಎಲ್ಲವೂ ಒಂದು ಪದದ ಮೇಲೆ ನಿಂತಿದೆ. ನಿಮ್ಮ ರಜೆ ‘ಕಾಯಿಲೆ’ ಅಂತ ದಾಖಲಾದರೆ ಕೂಲಿಯ ಶೇ 70, ಅದೂ ವರ್ಷಕ್ಕೆ 91 ದಿನ. ‘ಕೆಲಸದಲ್ಲಾದ ಗಾಯ’ ಅಂತಾದರೆ ಶೇ 90, ಕೆಲಸ ಮಾಡಲಾಗದು ಅಂತ ಡಾಕ್ಟರ್ ಬರೆದುಕೊಡುವಷ್ಟು ದಿನ. ಗಾಯ ಅಂದರೆ ರಕ್ತ ಬರಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಆದರೆ ಕಣ್ಣಿಗೆ ಕಾಣದ್ದನ್ನು ಒಪ್ಪಿಸುವುದು ಕಷ್ಟ, ಸುಮ್ನೆ ಆಸೆ ಹುಟ್ಟಿಸಲಾರೆ. ಅದಕ್ಕೇ ಅಪಘಾತದ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರು ಇರಬೇಕು. ನನ್ನದನ್ನು ಯಾರೂ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಸಿಕ್ಕಿದ್ದು ಶೇ 70. ಆ ದಿನಗಳು ಮುಗಿದ ಮೇಲೆ ನಡುಗುತ್ತಲೇ ಕೆಲಸಕ್ಕೆ ಹೋದೆ.

ನೀವು ಈಗಲಾದರೂ ಕಂಪನಿಗೆ ಬರೆದು ಕೊಡಿ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ನಿಂತಿದ್ದಿರಿ, ಜೊತೆಗೆ ಯಾರಿದ್ದರು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆಮೇಲೆ ನಿಮ್ಹಾನ್ಸ್‌ನಲ್ಲೋ ಜಿಲ್ಲಾಸ್ಪತ್ರೆಯಲ್ಲೋ ಮನೋವೈದ್ಯರನ್ನು ನೋಡಿ. ಚೀಟಿಯಲ್ಲಿ ಬರೀ ‘ಆತಂಕ’ ಅಂತಿದ್ದರೆ ಸಾಲದು, ಸ್ಫೋಟದ ನಂತರ ಶುರುವಾಯಿತು ಅಂತಲೂ ಇರಬೇಕು.

ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದೂ ಇಎಸ್‌ಐ ಕಾಯ್ದೆಯೂ ಸಾಮಾಜಿಕ ಭದ್ರತಾ ಸಂಹಿತೆ ಅನ್ನುವ ಹೊಸ ಕಾಯ್ದೆಯೊಳಗೆ ಸೇರಿವೆ. ಪರಿಹಾರದ ಅರ್ಜಿಗೆ ಎರಡು ವರ್ಷದ ಗಡುವು, ಹಾಗಾಗಿ ನಿಮಗಿನ್ನೂ ಸಮಯ ಇದೆ. ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಲಾಯರ್ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ವಕೀಲರು ಪುಕ್ಕಟೆ.

ಇನ್ನೊಂದು. ‘ಸ್ವಲ್ಪ ದಿನ ರೆಸ್ಟ್ ತಗೊಳ್ಳಿ, ಇಲ್ಲೊಂದು ಸಹಿ ಹಾಕಿ’ ಅಂತ ಎಚ್‌ಆರ್‌ನವರು ಪ್ರೀತಿಯಿಂದ ಕಾಗದ ಚಾಚಬಹುದು. ನನಗೆ ಕೊಟ್ಟಿದ್ದು ರಾಜೀನಾಮೆ ಪತ್ರವಾಗಿತ್ತು. ಓದದೆ ಸಹಿ ಹಾಕಬೇಡಿ.