ಒಂದು ಪುಟ ಬರೆಯುವ ಮೊದಲು ಎರಡು ವಾರದ ಲೆಕ್ಕ

ಬ್ರಹ್ಮಾವರದ ಓದುಗರೊಬ್ಬರ ಪತ್ರ: "ಹೋದ ವರ್ಷ ಸಹಕಾರಿ ಸಂಘದ ಶಾಖೆಯೊಂದಕ್ಕೆ ಮ್ಯಾನೇಜರ್ ಆದೆ. ಪಿಗ್ಮಿ ಸಂಗ್ರಾಹಕರೂ ಸೇರಿ ಎಂಟು ಜನ ಇದ್ದೇವೆ. ತರಬೇತಿಗೆ ಹೋಗುವ ಮೊದಲು ನನ್ನ ನಾಯಕತ್ವದ ಶೈಲಿ, ಮೌಲ್ಯ, ದೌರ್ಬಲ್ಯಗಳ ಬಗ್ಗೆ ಒಂದು ಪುಟ ಬರೆದುಕೊಡಬೇಕಂತೆ. 'ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ, ಪ್ರಾಮಾಣಿಕತೆ ನನ್ನ ಮೌಲ್ಯ, ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟವೇ ದೌರ್ಬಲ್ಯ' ಎಂದು ಬರೆದೆ. ಓದಿದರೆ ಬೇರೆ ಯಾರದೋ ಬಗ್ಗೆ ಬರೆದ ಹಾಗಿದೆ. ನನ್ನದು ಯಾವುದೆಂದು ತಿಳಿಯುವುದು ಹೇಗೆ?"

ನಿಮ್ಮ ಅಸಮಾಧಾನ ಸರಿಯಾಗಿಯೇ ಇದೆ. ಆ ಮೂರು ಮಾತುಗಳು ಯಾವ ಶಾಖೆಯ ಯಾವ ಮ್ಯಾನೇಜರಿಗೂ ಒಪ್ಪುತ್ತವೆ. 'ನಾನು ಎಂಥವಳು' ಎಂದು ಯೋಚಿಸುತ್ತಾ ಕುಳಿತರೆ ಸಿಗುವುದು ನಾವು ಹೇಗಿರಬೇಕೆಂದು ಬಯಸಿದ್ದೇವೋ ಆ ಚಿತ್ರ. ನಿಜವಾದದ್ದು ನೀವು ನಿನ್ನೆ ಏನು ಮಾಡಿದಿರಿ ಎಂಬುದರಲ್ಲಿದೆ.

ಪುಟ ಬರೆಯುವುದನ್ನು ಎರಡು ವಾರ ಮುಂದೂಡಿ. ದಿನಾ ಸಂಜೆ ಕ್ಯಾಶ್ ಟ್ಯಾಲಿ ಆದ ಮೇಲೆ ಹತ್ತು ನಿಮಿಷ ಒಂದು ನೋಟ್‌ಬುಕ್ ಹಿಡಿಯಿರಿ. ಅಂದಿನ ಒಂದೊಂದು ತೀರ್ಮಾನಕ್ಕೂ ಒಂದೊಂದು ಸಾಲು: ಯಾವ ವಿಷಯ, ಯಾರನ್ನು ಕೇಳಿದೆ, ಕೇಳುವ ಮೊದಲೇ ಮನಸ್ಸಿನಲ್ಲಿ ನಿರ್ಧರಿಸಿಬಿಟ್ಟಿದ್ದೆನೇ, ಅವರು ಮಾಡಿದ್ದನ್ನು ಆಮೇಲೆ ನಾನೇ ತಿದ್ದಿದೆನೇ. ಯಾರಿಗೆ ರಜೆ, ಯಾವ ಸಾಲದ ಫೈಲು ಮೊದಲು, ಯಾವ ಸಂಗ್ರಾಹಕರಿಗೆ ಯಾವ ಪೇಟೆ ಎಂಬಂಥ ಸಣ್ಣವೂ ಇರಲಿ. ಮೂರನೆಯ ಪ್ರಶ್ನೆಗೆ ಹೆಚ್ಚು ಗಮನ ಕೊಡಿ. ನಿರ್ಧರಿಸಿ ಆದ ಮೇಲೆ ಅಭಿಪ್ರಾಯ ಕೇಳುವುದು ಒಳ್ಳೆಯ ಮನಸ್ಸಿನವರಲ್ಲೇ ಹೆಚ್ಚು. 'ಎಲ್ಲರನ್ನೂ ಕೇಳಿಯೇ ಮಾಡುತ್ತೇನೆ' ಎಂಬ ನಂಬಿಕೆ ಹುಟ್ಟುವುದೂ ಅಲ್ಲಿಂದಲೇ.

ಇನ್ನೊಂದು ಪರೀಕ್ಷೆ ನೀವು ಶಾಖೆಯಲ್ಲಿ ಇಲ್ಲದ ದಿನದ್ದು. 1939ರಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳು ಮುಖವಾಡ ತಯಾರಿಸುವಂಥ ಕೆಲಸ ಮಾಡುತ್ತಿದ್ದವು. ಎಲ್ಲವನ್ನೂ ಹೇಳಿ ಮಾಡಿಸುವ ನಾಯಕ ಹೊರಗೆ ಹೋದೊಡನೆ ಅವನ ಗುಂಪಿನ ಕೆಲಸ ಕುಸಿಯುತ್ತಿತ್ತು. ಜೊತೆಗೆ ಕುಳಿತು ತೀರ್ಮಾನಿಸುವವನ ಗುಂಪು ಅವನಿಲ್ಲದಾಗಲೂ ಕೆಲಸ ಮುಂದುವರಿಸುತ್ತಿತ್ತು. ನೀವೂ ಒಂದು ದಿನ ರಜೆ ಹಾಕಿ, ಶಾಖೆಯಿಂದ ಬಂದ ಫೋನುಗಳನ್ನು ಬರೆದಿಡಿ. ನಿಮ್ಮ ಸಹಿ ಬೇಕಾದದ್ದಕ್ಕೆ ಬಂದ ಕರೆ ಬೇರೆ, 'ಹೇಗೆ ಮಾಡುವುದು ಮೇಡಂ' ಎಂಬ ಕರೆ ಬೇರೆ. ಎರಡನೆಯ ಬಗೆಯವೇ ಹೆಚ್ಚಿದ್ದರೆ ಶಾಖೆ ನಿಮ್ಮ ತಲೆಯ ಮೇಲೆ ನಿಂತಿದೆ ಎಂದು ತಿಳಿಯಿರಿ.

ಶೈಲಿ ಒಂದೇ ಇರಬೇಕೆಂದೂ ಇಲ್ಲ. ಮೊನ್ನೆ ಸೇರಿದ ಸಂಗ್ರಾಹಕರಿಗೆ ರಸೀದಿ ಕೊಡುವ ಕ್ರಮದಿಂದ ಹಿಡಿದು ಎಲ್ಲವನ್ನೂ ಹೇಳಿಯೇ ಕೊಡಬೇಕು. ವರ್ಷಗಟ್ಟಲೆ ಕ್ಯಾಶ್ ನೋಡಿದವರಿಗೆ ಹಾಗೆ ಹೇಳಿದರೆ ಅವಮಾನ. ತೊಂದರೆ ಆಗುವುದು ಇಬ್ಬರನ್ನೂ ಒಂದೇ ರೀತಿ ನಡೆಸಿಕೊಂಡಾಗ. ಹಾಗಾಗಿ ಪುಟದಲ್ಲಿ 'ನನ್ನ ಶೈಲಿ ಇಂಥದ್ದು' ಎನ್ನುವುದಕ್ಕಿಂತ 'ಹೊಸಬರ ಜೊತೆ ಹೀಗೆ, ಹಳಬರ ಜೊತೆ ಹೀಗೆ, ಗಡಿಬಿಡಿಯಲ್ಲಿ ಹೀಗೆ' ಎಂದು ಬರೆಯಿರಿ.

ಮೌಲ್ಯಕ್ಕೆ ಒಂದೇ ಪ್ರಶ್ನೆ: ಕಳೆದ ಆರು ತಿಂಗಳಲ್ಲಿ ಅದಕ್ಕಾಗಿ ಏನು ಕಳೆದುಕೊಂಡಿರಿ? ನಿರ್ದೇಶಕರೊಬ್ಬರು ಪರಿಚಯದವರ ಸಾಲದ ಅರ್ಜಿ ಕಳಿಸಿದ್ದಾರೆ, ಜಾಮೀನು ಗಟ್ಟಿ ಇಲ್ಲ. ಆಗ ನೀವು ಬರೆದ ಟಿಪ್ಪಣಿಯಲ್ಲಿ ಪ್ರಾಮಾಣಿಕತೆ ಇದೆಯೋ ಇಲ್ಲವೋ ಕಾಣುತ್ತದೆ. ಕಷ್ಟವಾಗುವುದು ಎರಡು ಮೌಲ್ಯಗಳು ಎದುರಾದಾಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧ. ಮಲ್ಪೆಯ ಬೋಟಿನಲ್ಲಿ ದುಡಿಯುವವರ ಕಂತು ಆಗ ನಿಲ್ಲುತ್ತದೆ. ಜುಲೈಯಲ್ಲಿ ಕನಿಕರಪಟ್ಟು ಸುಮ್ಮನಿದ್ದರೆ ಸಂಘದ ಉಳಿದ ಸದಸ್ಯರ ಹಣಕ್ಕೆ ಹೊರೆ, ಬಿಗಿ ಮಾಡಿದರೆ ಆ ಮನೆಗೆ ಹೊರೆ. ಸಾಲ ಮಂಜೂರು ಮಾಡುವಾಗಲೇ ಆ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿದು ಕಂತು ಜೋಡಿಸಲು ಸಂಘದ ನಿಯಮದಲ್ಲಿ ಅವಕಾಶ ಇದೆಯೇ ಎಂದು ನೀವು ವಿಚಾರಿಸಿದ್ದರೆ ಅದನ್ನೇ ಬರೆಯಿರಿ. ಮೌಲ್ಯ ಎಂದರೆ ನನ್ನ ಲೆಕ್ಕದಲ್ಲಿ ಇಂಥದ್ದು.

ದೌರ್ಬಲ್ಯದ ವಿಷಯದಲ್ಲಿ ಗುಣವಾಚಕ ಬಿಡಿ, ಘಟನೆ ಬರೆಯಿರಿ. 'ಅಚ್ಚುಕಟ್ಟಿನ ಹಟ' ಹೊಗಳಿಕೆಯ ವೇಷ ಹಾಕಿಕೊಂಡ ದೌರ್ಬಲ್ಯ, ಓದುವವರಿಗೆ ಅದು ತಕ್ಷಣ ತಿಳಿಯುತ್ತದೆ. ಹೀಗಿದ್ದರೆ ಉಪಯೋಗ: 'ಫೈಲಿನಲ್ಲಿ ತಪ್ಪು ಕಂಡರೆ ವಾಪಸು ಕೊಡದೆ ನಾನೇ ತಿದ್ದುತ್ತೇನೆ. ಅದರಿಂದ ಗುಮಾಸ್ತರು ದಾಖಲೆ ಪರಿಶೀಲನೆ ಕಲಿತಿಲ್ಲ. ಈ ತಿಂಗಳಿಂದ ತಪ್ಪಿಗೆ ಪೆನ್ಸಿಲ್ ಗುರುತು ಮಾತ್ರ ಹಾಕಿ ಹಿಂದೆ ಕೊಡುತ್ತಿದ್ದೇನೆ.' ಯಾವಾಗ, ಏನು ಮಾಡುತ್ತೇನೆ, ಯಾರಿಗೆ ನಷ್ಟ, ಈಗ ಏನು ಬದಲಿಸಿದ್ದೇನೆ ಎಂಬ ನಾಲ್ಕೂ ಇರಲಿ. ಒಂದು ದೌರ್ಬಲ್ಯ ಸಾಕು. ಐದು ಬರೆದವರು ಒಂದನ್ನೂ ತಿದ್ದಿಕೊಳ್ಳುವುದಿಲ್ಲ.

ನಮಗೆ ಕಾಣದೆ ಇತರರಿಗೆ ಕಾಣುವ ಭಾಗವೂ ಇದೆ. ನಮ್ಮ ಬಗ್ಗೆ ನಮಗೆಷ್ಟು ಗೊತ್ತು, ಇತರರಿಗೆಷ್ಟು ಗೊತ್ತು ಎಂದು ವಿಂಗಡಿಸಲು ಮನಶ್ಶಾಸ್ತ್ರಜ್ಞರಾದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿ ಇಂಗಮ್ 1955ರಲ್ಲಿ ರೂಪಿಸಿದ 'ಜೊಹಾರಿ ಕಿಟಕಿ' ಎಂಬ ಚೌಕಟ್ಟಿನ ನಾಲ್ಕು ಭಾಗಗಳಲ್ಲಿ ಅದೂ ಒಂದು. ಅದಕ್ಕೆ ಕೇಳಬೇಕು, ಆದರೆ ಮೀಟಿಂಗಿನಲ್ಲಿ ಕೇಳಬೇಡಿ. ಅಲ್ಲಿ ಎಲ್ಲರೂ ಕನ್ನಡದಲ್ಲಿ 'ಆಯ್ತು ಮೇಡಂ' ಎನ್ನುತ್ತಾರೆ, ನಿಜವಾದ ಮಾತು ಚಾ ಕುಡಿಯುವಾಗ ತುಳುವಿನಲ್ಲೋ ಕೊಂಕಣಿಯಲ್ಲೋ ಬರುತ್ತದೆ. ಹೆಸರಿಲ್ಲದ ಚೀಟಿಯೂ ಎಂಟು ಜನರಲ್ಲಿ ನಡೆಯುವುದಿಲ್ಲ, ಅಕ್ಷರ ನೋಡಿದರೆ ಯಾರದೆಂದು ಗೊತ್ತಾಗುತ್ತದೆ. ಒಬ್ಬೊಬ್ಬರನ್ನೇ, ಅವರಿಗೆ ಹಗುರಾದ ಭಾಷೆಯಲ್ಲಿ ಕೇಳಿ. 'ನಾನು ಹೇಗೆ?' ಎಂದರೆ 'ಒಳ್ಳೆಯವರು' ಎಂಬ ಉತ್ತರವೇ ಗತಿ. 'ನಾನು ಮಾಡುವ ಯಾವ ಒಂದು ಕೆಲಸದಿಂದ ನಿಮ್ಮ ಕೆಲಸ ನಿಧಾನ ಆಗುತ್ತದೆ?' ಎಂದು ಕೇಳಿ. ಉತ್ತರ ಬಂದಾಗ ಸಮರ್ಥಿಸಿಕೊಳ್ಳಬೇಡಿ. 'ಅದು ಹಾಗಲ್ಲ' ಎಂದು ಒಮ್ಮೆ ಹೇಳಿದರೆ ಮುಂದಿನ ವರ್ಷವೂ ಯಾರೂ ಬಾಯಿ ಬಿಡುವುದಿಲ್ಲ. ಕೇಳಿದ್ದರಲ್ಲಿ ಒಂದನ್ನಾದರೂ ತಿಂಗಳೊಳಗೆ ಅವರಿಗೆ ಕಾಣುವಂತೆ ಬದಲಿಸಿ.

ಬರೆದ ಪುಟದ ಒಂದು ಪ್ರತಿ ಇಟ್ಟುಕೊಂಡು ಆರು ತಿಂಗಳ ಬಳಿಕ ಇದೇ ಎರಡು ವಾರದ ಲೆಕ್ಕ ಮತ್ತೆ ಬರೆಯಿರಿ. ಮಾರ್ಚ್ ತಿಂಗಳಲ್ಲಿ ಮಾತ್ರ ಬೇಡ. ವರ್ಷಾಂತ್ಯದ ಒತ್ತಡದಲ್ಲಿ ಎಲ್ಲರೂ ಒಬ್ಬರೇ ತೀರ್ಮಾನ ಮಾಡುತ್ತಾರೆ, ಹೋಲಿಕೆಗೆ ಆ ಲೆಕ್ಕ ಬರುವುದಿಲ್ಲ.

– ಸಂಪಾದಕರು