ರ‍್ಯಾಡ್51 ಆಂಟಿಬಾಡಿ ಕಲಬುರಗಿ ಬಿಸಿಲಿಗೆ ಕೆಟ್ಟಿದೆಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಕಲಬುರಗಿಗೆ ರ‍್ಯಾಡ್51 ಆಂಟಿಬಾಡಿ ತರಿಸಿದಿರಿ. ರ‍್ಯಾಡ್51 ಅಂದರೆ ತುಂಡಾದ ಡಿಎನ್‌ಎ ರಿಪೇರಿ ಮಾಡುವ ಪ್ರೋಟೀನು, ಅದನ್ನು ಹಿಡಿದು ತೋರಿಸುವುದು ಈ ಆಂಟಿಬಾಡಿ. ಡಬ್ಬಿ ತೆಗೆದಾಗ ಐಸ್ ಪ್ಯಾಕ್ ಪೂರ್ತಿ ಕರಗಿತ್ತು. ಬೇರೆ ಲ್ಯಾಬ್‌ನವರು ಕೊಟ್ಟ ಹೀಲಾ ಲೈಸೇಟ್ (ಲ್ಯಾಬ್‌ನಲ್ಲಿ ಬೆಳೆಸುವ ಹೀಲಾ ಕ್ಯಾನ್ಸರ್ ಕೋಶಗಳನ್ನು ಒಡೆದ ರಸ) ಮೇಲೆ ವೆಸ್ಟರ್ನ್ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಹುಡುಕುವ ಪರೀಕ್ಷೆ) ಮಾಡಿದರೆ ಅದರ ಗಾತ್ರವಾದ 37 ಕಿಲೋಡಾಲ್ಟನ್ ಹತ್ತಿರ ಚೆನ್ನಾಗಿ ಬ್ಯಾಂಡ್ ಬಂತು. ಆದರೆ ರಕ್ತದಿಂದ ತೆಗೆದ ಲಿಂಫೋಸೈಟ್‌ಗಳಿಗೆ (ಒಂದು ಬಗೆಯ ಬಿಳಿ ರಕ್ತಕಣ) ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಅರ್ಧ ಗಂಟೆ ಬಿಟ್ಟು ಈ ಆಂಟಿಬಾಡಿ ಹಚ್ಚಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಒಂದು ಚುಕ್ಕಿಯೂ ಕಾಣಲಿಲ್ಲ. ಬಿಸಿಲಿಗೆ ಕೆಟ್ಟಿದೆಯಾ, ಇನ್ನೊಂದು ವಯಲ್ ತರಿಸಲಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ತರಿಸಬೇಡಿ. ನಾನೂ ಇದೇ ಊರಿನಲ್ಲಿ ಲ್ಯಾಬ್ ಕೆಲಸ ಮಾಡುವವನು. ಇಲ್ಲಿ ಏನು ಕೈಕೊಟ್ಟರೂ ಮೊದಲು ಬೈಸಿಕೊಳ್ಳುವುದು ಬಿಸಿಲೇ. ಆದರೆ ಆಂಟಿಬಾಡಿ ಗಟ್ಟಿ ಪ್ರೋಟೀನು. ಒಂದೆರಡು ದಿನ ದಾರಿಯಲ್ಲಿ ಬಿಸಿಯಾಯಿತು ಅಂತ ಸಾಮಾನ್ಯವಾಗಿ ಸಾಯುವುದಿಲ್ಲ. ಸತ್ತಿದ್ದರೆ ವೆಸ್ಟರ್ನ್‌ನಲ್ಲೂ ಬ್ಯಾಂಡ್ ಬರುತ್ತಿರಲಿಲ್ಲ, ಅಲ್ವಾ? ಆಂಟಿಬಾಡಿಗೆ ನಿಜವಾಗಿ ಏಟು ಕೊಡುವುದು ಪದೇ ಪದೇ ಹೆಪ್ಪುಗಟ್ಟಿ ಕರಗುವುದು. ಕರೆಂಟ್ ಹೋಗಿ ಬರುವ ಫ್ರೀಜರ್, ತಾನೇ ಐಸ್ ಕರಗಿಸಿಕೊಳ್ಳುವ ಮನೆ ಫ್ರಿಜ್ಜು, ಭಯ ಪಡಬೇಕಾದ್ದು ಇವಕ್ಕೆ. ವಯಲ್ ಜೊತೆ ಬಂದ ಕಾಗದ ಓದಿ. 50% ಗ್ಲಿಸರಾಲ್ ಇದ್ದರೆ ಮೈನಸ್ 20ರಲ್ಲೂ ಅದು ಗಡ್ಡೆ ಕಟ್ಟುವುದಿಲ್ಲ, ಹಾಗೇ ಇಟ್ಟುಕೊಳ್ಳಬಹುದು. ಗ್ಲಿಸರಾಲ್ ಇಲ್ಲದಿದ್ದರೆ ಇವತ್ತೇ ಚಿಕ್ಕ ಚಿಕ್ಕ ಟ್ಯೂಬ್‌ಗೆ ಹಂಚಿಡಿ.

ನನಗೆ ಅನುಮಾನ ಇರುವುದು ನಿಮ್ಮ ಕೋಶಗಳ ಮೇಲೆ.

ಬ್ಯಾಂಡ್ ಬೇರೆ, ಚುಕ್ಕಿ ಬೇರೆ. ಕೋಶದಲ್ಲಿ ರ‍್ಯಾಡ್51 ಎಷ್ಟಿದೆ ಅನ್ನುವುದನ್ನು ಬ್ಯಾಂಡ್ ಹೇಳುತ್ತದೆ. ಆ ಪ್ರೋಟೀನು ಡಿಎನ್‌ಎ ತುಂಡಾದ ಜಾಗದಲ್ಲಿ ಬಂದು ಕೂತಿದೆಯಾ ಅನ್ನುವುದನ್ನು ಚುಕ್ಕಿ ಹೇಳುತ್ತದೆ. ಶರಣಬಸವೇಶ್ವರ ಜಾತ್ರೆ ಇದ್ದರೂ ಇಲ್ಲದಿದ್ದರೂ ಊರಿನಲ್ಲಿ ಜನ ಇದ್ದೇ ಇರುತ್ತಾರೆ. ತೇರಿನ ಸುತ್ತ ಗುಂಪು ಕಾಣುವುದು ತೇರು ಎಳೆಯುವ ದಿನ ಮಾತ್ರ. ಕ್ಯಾಪಾನ್-1 ಅಂತ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೋಶಗಳಿವೆ. ಅವುಗಳಲ್ಲಿ ಬಿಆರ್‌ಸಿಎ2 ಕೆಟ್ಟಿದೆ. ರ‍್ಯಾಡ್51 ಅನ್ನು ಡಿಎನ್‌ಎ ಮೇಲೆ ತಂದು ಕೂರಿಸುವುದು ಬಿಆರ್‌ಸಿಎ2 ಕೆಲಸ. ಹಾಗಾಗಿ ಆ ಕೋಶಗಳಲ್ಲಿ ಬ್ಯಾಂಡ್ ಬರುತ್ತದೆ, ರೇಡಿಯೇಶನ್ ಕೊಟ್ಟರೂ ಚುಕ್ಕಿ ಮೂಡುವುದಿಲ್ಲ. ಬಿಆರ್‌ಸಿಎ ದೋಷ ಇರುವ ಗಡ್ಡೆಗಳನ್ನು ಗುರುತಿಸಲು ಈ ಚುಕ್ಕಿ ಎಣಿಸುವ ವಿಧಾನದ ಮೇಲೆ ಇಷ್ಟೊಂದು ಕೆಲಸ ನಡೆದಿರುವುದು ಇದೇ ಕಾರಣಕ್ಕೆ.

ಈಗ ನಿಮ್ಮ ಲಿಂಫೋಸೈಟ್‌ಗೆ ಬರೋಣ. ರಕ್ತದಲ್ಲಿ ಓಡಾಡುವ ಲಿಂಫೋಸೈಟ್ ವಿಭಜನೆ ಆಗದೆ ಸುಮ್ನೆ ಇರುವ ಕೋಶ. ಅದರಲ್ಲಿ ರ‍್ಯಾಡ್51 ಇರುವುದೇ ತೀರಾ ಕಡಿಮೆ. ರ‍್ಯಾಡ್51 ರಿಪೇರಿ ಮಾಡಬೇಕಾದರೆ ಪಕ್ಕದಲ್ಲಿ ಅದೇ ಡಿಎನ್‌ಎಯ ಇನ್ನೊಂದು ಪ್ರತಿ ಇರಬೇಕು. ಅದು ಸಿಗುವುದು ಕೋಶ ಎಸ್ ಮತ್ತು ಜಿ2 ಹಂತದಲ್ಲಿದ್ದಾಗ, ಅಂದರೆ ಡಿಎನ್‌ಎ ನಕಲಾಗುವಾಗ ಮತ್ತು ನಕಲಾದ ಮೇಲೆ ವಿಭಜನೆಗೆ ಮೊದಲು. ಮಲಗಿರುವ ಲಿಂಫೋಸೈಟ್ ಆ ಹಂತಕ್ಕೆ ಬರುವುದೇ ಇಲ್ಲ. ಜಗತ್ತಿನ ಅತಿ ಒಳ್ಳೆ ಆಂಟಿಬಾಡಿ ತಂದರೂ ಚುಕ್ಕಿ ಕಾಣುವುದಿಲ್ಲ.

ಪೆರಾಕ್ಸೈಡ್ ಕೂಡ ಸರಿಯಾದ ಆಯ್ಕೆ ಅಲ್ಲ. ಅದು ಜಾಸ್ತಿ ಮಾಡುವುದು ಬೇಸ್‌ಗಳ ಹಾನಿ ಮತ್ತು ಒಂದೇ ಎಳೆಯ ಕಡಿತ. ಅವನ್ನು ಸರಿ ಮಾಡುವ ಪ್ರೋಟೀನುಗಳು ಬೇರೆ, ಎಕ್ಸ್‌ಆರ್‌ಸಿಸಿ1 ತರಹದವು. ಅರ್ಧ ಗಂಟೆಯೂ ಸಾಲದು. ಆ ಅರ್ಧ ಗಂಟೆ ಲೆಕ್ಕ ಬಹುಶಃ ಗಾಮಾ ಎಚ್2ಎಎಕ್ಸ್ (ಡಿಎನ್‌ಎ ತುಂಡಾದ ಜಾಗ ತೋರಿಸುವ ಇನ್ನೊಂದು ಗುರುತು) ಪ್ರೋಟೋಕಾಲ್‌ನಿಂದ ಬಂದಿರಬೇಕು. ರೇಡಿಯೇಶನ್ ಆದ ಮೇಲೆ ಅದು ಅರ್ಧ ಗಂಟೆಗೆಲ್ಲ ಗರಿಷ್ಠ ಮಟ್ಟಕ್ಕೆ ಹೋಗುತ್ತದೆ. ರ‍್ಯಾಡ್51 ಚುಕ್ಕಿ ಕೂಡಿಕೊಳ್ಳಲು ಕೆಲವು ಗಂಟೆ ಬೇಕು.

ಹೀಗೆ ಮಾಡಿ. ಲೈಸೇಟ್ ಕೊಟ್ಟ ಲ್ಯಾಬ್‌ನಲ್ಲೇ ಹೀಲಾ ಕೋಶಗಳನ್ನು ಕವರ್‌ಸ್ಲಿಪ್ ಮೇಲೆ ಬೆಳೆಸಿಕೊಳ್ಳಲು ಕೇಳಿ. ಅರ್ಧಕ್ಕೆ ಕ್ಯಾಂಪ್ಟೋಥೆಸಿನ್ ಕೊಡಿ, ಉಳಿದರ್ಧಕ್ಕೆ ಬರೀ ಡಿಎಂಎಸ್‌ಒ (ಮದ್ದನ್ನು ಕರಗಿಸುವ ದ್ರವ). ಡಿಎನ್‌ಎ ನಕಲಾಗುತ್ತಿರುವಾಗಲೇ ತುಂಡರಿಸುವ ಮದ್ದು ಕ್ಯಾಂಪ್ಟೋಥೆಸಿನ್, ಅಂದರೆ ರ‍್ಯಾಡ್51ಗೆ ಬೇಕಾದ ಹಂತದಲ್ಲೇ. (ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಇದು ಸಿಗುತ್ತದೆ.) ಮೈಟೊಮೈಸಿನ್ ಸಿ ಇದ್ದರೆ ಅದೂ ಆಗುತ್ತದೆ, ಆದರೆ ಮಾರನೇ ದಿನ ನೋಡಬೇಕು. ಎರಡೂ ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಫಿಕ್ಸ್ ಮಾಡುವ (ಫಾರ್ಮಾಲ್ಡಿಹೈಡ್‌ನಿಂದ ಕೋಶಗಳನ್ನು ಬಿಗಿದು ನಿಲ್ಲಿಸುವ) ಮೊದಲು ಟ್ರೈಟಾನ್ (ಸೋಪಿನಂಥ ದ್ರವ) ಇರುವ ತಣ್ಣನೆ ಬಫರ್‌ನಲ್ಲಿ ಕೆಲವು ನಿಮಿಷ ಇಡಿ. ಡಿಎನ್‌ಎಗೆ ಅಂಟದೆ ತೇಲಾಡುವ ರ‍್ಯಾಡ್51 ತೊಳೆದು ಹೋಗುತ್ತದೆ, ಚುಕ್ಕಿ ಎದ್ದು ಕಾಣುತ್ತದೆ. ಜೊತೆಗೆ ಎಸ್ ಮತ್ತು ಜಿ2 ಹಂತದ ಕೋಶಗಳಲ್ಲಿ ಇರುವ ಸೈಕ್ಲಿನ್ ಎ ಪ್ರೋಟೀನಿಗೂ ಬಣ್ಣ ಹಾಕಿದರೆ ಯಾವ ಕೋಶ ಎಣಿಸಬೇಕು ಅನ್ನುವ ಗೊಂದಲ ಇರುವುದಿಲ್ಲ. ರ‍್ಯಾಡ್51 ಆಂಟಿಬಾಡಿ ಮೊಲದ್ದಾದರೆ ಸೈಕ್ಲಿನ್ ಎಗೆ ಇಲಿಯದ್ದು ತಗೊಳ್ಳಿ, ಎರಡರ ಬಣ್ಣ ಬೆರೆಯುವುದಿಲ್ಲ.

ಲಿಂಫೋಸೈಟ್‌ನಲ್ಲೇ ಮಾಡಬೇಕು ಅಂತ ಗೈಡ್ ಪಟ್ಟು ಹಿಡಿದರೆ, ಕ್ರೋಮೋಸೋಮ್ ಪರೀಕ್ಷೆಗೆ ಮಾಡುವ ಹಾಗೆ ಪಿಎಚ್‌ಎ (ಲಿಂಫೋಸೈಟ್ ವಿಭಜನೆ ಶುರು ಮಾಡಿಸುವ ವಸ್ತು) ಹಾಕಿ ಎರಡು ಮೂರು ದಿನ ಬೆಳೆಸಿ ಕೋಶಗಳನ್ನು ಎಬ್ಬಿಸಿ. ಆಮೇಲೆ ಮದ್ದು ಕೊಡಿ.

ಇಷ್ಟಾದರೂ ಹೀಲಾದಲ್ಲಿ ಚುಕ್ಕಿ ಬರದಿದ್ದರೆ ಆಗ ಆಂಟಿಬಾಡಿ ಮೇಲೆ ಅನುಮಾನ ಪಡಿ. ಅಲ್ಲೂ ಕಾರಣ ಬಿಸಿಲೇ ಆಗಬೇಕಿಲ್ಲ. ವೆಸ್ಟರ್ನ್‌ನಲ್ಲಿ ಎಸ್‌ಡಿಎಸ್ ಅನ್ನುವ ರಾಸಾಯನಿಕ ಪ್ರೋಟೀನನ್ನು ಬಿಚ್ಚಿ ಹರಡುತ್ತದೆ. ಕೋಶದೊಳಗೆ ಅದು ಮಡಚಿಕೊಂಡಿರುತ್ತದೆ, ಮೇಲೆ ಫಾರ್ಮಾಲ್ಡಿಹೈಡ್ ಬಿಗಿದಿರುತ್ತದೆ. ಒಂದರಲ್ಲಿ ಹಿಡಿಯುವ ಆಂಟಿಬಾಡಿ ಇನ್ನೊಂದರಲ್ಲಿ ಹಿಡಿಯದೇ ಇರಬಹುದು. ಕಂಪನಿಗೆ ಲಾಟ್ ನಂಬರ್ ಕೊಟ್ಟು, ಹಾನಿ ಮಾಡಿದ ಮತ್ತು ಮಾಡದ ಕೋಶಗಳ ಚಿತ್ರ ಎರಡೂ ಕೇಳಿ. ಬರೀ ಬ್ಯಾಂಡ್ ಚಿತ್ರ ಕಳಿಸಿದರೆ ಒಪ್ಪಬೇಡಿ.

ಕಾಮೆಂಟ್‌ನಲ್ಲಿ ಒಬ್ಬರು ನಾಕ್‌ಔಟ್ ಕೋಶ (ಆ ಪ್ರೋಟೀನಿನ ಜೀನ್ ತೆಗೆದುಹಾಕಿದ ಕೋಶ) ತಂದು ಪರೀಕ್ಷಿಸಿ ಅಂದಿದ್ದಾರೆ. ಬೇರೆ ಪ್ರೋಟೀನುಗಳಿಗೆ ಒಳ್ಳೆ ಸಲಹೆ. ರ‍್ಯಾಡ್51ಗೆ ನಡೆಯುವುದಿಲ್ಲ, ಅದಿಲ್ಲದೆ ಕೋಶ ಬದುಕುವುದೇ ಇಲ್ಲ. ಎಸ್‌ಐಆರ್‌ಎನ್‌ಎಯಿಂದ (ಪ್ರೋಟೀನು ತಯಾರಾಗುವುದನ್ನು ತಡೆಯುವ ಚಿಕ್ಕ ಆರ್‌ಎನ್‌ಎ) ಕೆಲವು ದಿನದ ಮಟ್ಟಿಗೆ ಕಡಿಮೆ ಮಾಡಿ, ಬ್ಯಾಂಡ್ ಮತ್ತು ಚುಕ್ಕಿ ಎರಡೂ ಇಳಿಯುತ್ತವಾ ನೋಡಿ.